‘ಸುಮ್ನ ಕುಂದ್ರು’ ಅನ್ನೋ ಮಾತಿಗೂ ಒಂದು ಚರಿತ್ರೆ ಐತಿ

ಗದಗ-ಬೆಟಗೇರಿಯ ಓಣಿ ಇರಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಯಾವುದೇ ಹಳ್ಳಿ ಇರಲಿ, ಶಾಲೆಯ ಕಿಟಕಿ ಪಕ್ಕ ಐದು ನಿಮಿಷ ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. “ಲೇ, ಸುಮ್ನ ಕುಂದ್ರು.”

ಆ ಮಾತು ದಿನಾ ಒಂದೇ ಹುಡುಗನಿಗೆ ಹೋಗುತ್ತಿರುತ್ತದೆ. ಅವನು ಕೂತಲ್ಲಿ ಕೂಡುವುದಿಲ್ಲ. ಪಾಟಿ ಕೆಳಗೆ ಬೀಳಿಸುತ್ತಾನೆ, ಎತ್ತಿಕೊಳ್ಳಲು ಹೋಗಿ ಪಕ್ಕದವನ ಚೀಲ ಎಳೆಯುತ್ತಾನೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾನೆ, ಅದೂ ಅರ್ಧ. ಬರೆಯಲು ಕೊಟ್ಟ ಹತ್ತು ಲೆಕ್ಕದಲ್ಲಿ ಮೂರು ಮಾಡಿ ನಾಲ್ಕನೆಯದರಲ್ಲಿ ಕಿಟಕಿ ಆಚೆ ಇರುತ್ತಾನೆ. ಊರು ಅವನಿಗೆ ‘ಮಂಗ್ಯಾ’ ಎಂದು ಹೆಸರಿಟ್ಟಿರುತ್ತದೆ. ‘ಕಾಲಾಗ ಚಕ್ರ ಐತಿ’ ಎಂದು ಅಜ್ಜಿ ನಗುತ್ತಾಳೆ. ಮಾಸ್ತರು ನಗುವುದಿಲ್ಲ.

ಇಂಥ ಮಕ್ಕಳಲ್ಲಿ ಹೆಚ್ಚಿನವರು ಬರೀ ಹುಡುಗಾಟದ ಮಕ್ಕಳು, ದೊಡ್ಡವರಾದಂತೆ ತಾವೇ ತಣ್ಣಗಾಗುತ್ತಾರೆ. ಕೆಲವರಿಗೆ ಮಾತ್ರ ವೈದ್ಯರು ಎಡಿಎಚ್‌ಡಿ ಎಂದು ಕರೆಯುವ ತೊಂದರೆ ಇರುತ್ತದೆ. ಅಂದರೆ ಗಮನ ನಿಲ್ಲದಿರುವುದು, ಮೈ ಸುಮ್ಮನಿರದಿರುವುದು, ಯೋಚಿಸುವ ಮೊದಲೇ ಕೈ-ಬಾಯಿ ಮುಂದಾಗುವುದು. ಹನ್ನೆರಡು ವರ್ಷದೊಳಗೇ ಇದು ಕಾಣಿಸಿಕೊಂಡಿರಬೇಕು. ಶಾಲೆಯಲ್ಲಿ ಒಂದೇ ಅಲ್ಲ, ಮನೆಯಲ್ಲೋ ಬೇರೆ ಕಡೆಯೋ ಕೂಡ ಇರಬೇಕು. ಆರು ತಿಂಗಳಾದರೂ ನಡೆದಿರಬೇಕು. ಆಗಷ್ಟೇ ವೈದ್ಯರು ಆ ಹೆಸರು ಹೇಳುತ್ತಾರೆ. ಇದು ಸೊಕ್ಕಲ್ಲ, ತಾಯಿ-ತಂದೆ ಬೆಳೆಸಿದ್ದು ತಪ್ಪಾಯಿತು ಅಂತಲೂ ಅಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ.

ಆದರೆ ಇದು ಆಸ್ಪತ್ರೆಯ ಲೇಖನವಲ್ಲ. ನಾವು ಕೇಳಿಕೊಂಡ ಪ್ರಶ್ನೆ ಬೇರೆ. ಕಲಿಯಬೇಕಾದರೆ ಸುಮ್ಮನೆ ಕೂಡಬೇಕು ಎಂಬ ನಿಯಮ ನಮ್ಮ ಭಾಗಕ್ಕೆ ಯಾವಾಗ ಬಂತು? ಅದಕ್ಕೂ ಮೊದಲು ಇಲ್ಲಿನ ಮಕ್ಕಳು ಹೇಗೆ ಕಲಿಯುತ್ತಿದ್ದರು?

ಒಂಬೈನೂರು ವರ್ಷ ಹಿಂದಕ್ಕೆ ಹೋಗೋಣ. ಆಗ ಗದಗ, ಪುಲಿಗೆರೆ ಎಂಬ ಇಂದಿನ ಲಕ್ಷ್ಮೇಶ್ವರ ಎಲ್ಲವೂ ಕಲ್ಯಾಣದ ಚಾಲುಕ್ಯರ ಕೈಯಲ್ಲಿದ್ದವು. ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆದ. ಅಡುಗೆಯಿಂದ ಹಿಡಿದು ಆನೆ ಸಾಕುವವರೆಗೆ ಎಲ್ಲವೂ ಅದರಲ್ಲಿದೆ. ಮಲ್ಲರನ್ನು ಹೇಗೆ ತಯಾರು ಮಾಡಬೇಕು ಎಂಬ ಭಾಗವೂ ಇದೆ. ಭಾರ ಎತ್ತುವ ಭಾರಶ್ರಮ, ಬೆಳಿಗ್ಗೆ ದೂರ ನಡೆಯುವ ಭ್ರಮಣಶ್ರಮ, ನೀರಲ್ಲಿ ಈಜುವ ಸಲಿಲಶ್ರಮ, ಕಂಬದ ಮೇಲೆ ಮಾಡುವ ಸ್ತಂಭಶ್ರಮ. ಕೊನೆಯದನ್ನು ಓದಿದಾಗ ನಮಗೆ ಲಕ್ಷ್ಮೇಶ್ವರದ ಮಲ್ಲಕಂಬ ನೆನಪಾಗದೆ ಇರಲಿಲ್ಲ. ಮಲ್ಲಕಂಬದ ಚರಿತ್ರೆ ಬರೆಯುವವರೆಲ್ಲ ಮೊದಲು ತೋರಿಸುವುದು ಇದೇ ಗ್ರಂಥವನ್ನು. ಬರೆದವನು ನಮ್ಮ ನೆಲವನ್ನು ಆಳಿದ ದೊರೆ.

ನಡುವೆ ಈ ವಿದ್ಯೆ ಮಸುಕಾಗಿ, ಎರಡನೆಯ ಬಾಜೀರಾವ್ ಪೇಶ್ವೆಯ ಕಾಲದಲ್ಲಿ ಅವನ ಗುರು ಬಾಳಂಭಟ್ಟ ದೇವಧರ ಎಂಬವರು ಮತ್ತೆ ಎತ್ತಿ ನಿಲ್ಲಿಸಿದರು ಎಂಬುದು ಮರಾಠಿ ಕಡೆಯವರು ಹೇಳುವ ಚರಿತ್ರೆ. ಸ್ವಾತಂತ್ರ್ಯ ಬರುವ ತನಕ ಲಕ್ಷ್ಮೇಶ್ವರ ಮಿರಜದ ಪಟವರ್ಧನರ ಸಂಸ್ಥಾನಕ್ಕೆ ಸೇರಿತ್ತು. ಸುತ್ತಲೂ ಬ್ರಿಟಿಷರ ಧಾರವಾಡ ಜಿಲ್ಲೆ, ನಡುವೆ ಮಿರಜದ ತುಂಡು. ಕೃಷ್ಣೆಯ ಆಚೆಯ ತಾಲೀಮಿನ ಗಾಳಿ ಲಕ್ಷ್ಮೇಶ್ವರಕ್ಕೆ ಬೀಸಲು ಈ ನಂಟು ಸಾಕಾಗಿತ್ತು ಎಂಬುದು ನಮ್ಮ ಊಹೆ. ಅದು ಹೇಗೇ ಇರಲಿ, ಔಡಲ ಎಣ್ಣೆ ಸವರಿದ ಆ ಕಂಬವನ್ನು ಅಲ್ಲಿನ ಹುಡುಗರು, ಹುಡುಗಿಯರು ಈಗಲೂ ಹತ್ತುತ್ತಾರೆ.

ಮಲ್ಲಕಂಬ ನೋಡದವರಿಗೆ ಒಂದು ಮಾತು. ಅದು ಬರೀ ಬಲದ ಆಟ ಎಂದುಕೊಂಡರೆ ತಪ್ಪು. ಕಂಬ ನುಣ್ಣಗಿರುತ್ತದೆ. ಬಲಗಾಲು ಎಲ್ಲಿ ಸುತ್ತಬೇಕು, ಎಡಗೈ ಯಾವಾಗ ಬಿಡಬೇಕು, ತಲೆ ಕೆಳಗಾದಾಗ ಕಣ್ಣು ಎತ್ತ ನೋಡಬೇಕು ಎಂಬುದು ಒಂದರ ಹಿಂದೆ ಒಂದು ಮನಸ್ಸಿನಲ್ಲಿ ಇರಲೇಬೇಕು. ಅರೆಗಳಿಗೆ ಗಮನ ತಪ್ಪಿದರೆ ಜಾರುತ್ತಾನೆ. ಯಾರೂ ಬೈಯಬೇಕಾಗಿಲ್ಲ, ಕಂಬವೇ ಹೇಳುತ್ತದೆ. ಕೆಳಗೆ ಇಳಿದ ಮೇಲೆ ಸಾಲಿನಲ್ಲಿ ನಿಂತು ತನ್ನ ಸರದಿ ಕಾಯಬೇಕು. ಚಂಚಲ ಹುಡುಗನಿಗೆ ಅತಿ ಕಷ್ಟವಾದ ಎರಡು ಕೆಲಸ ಇವೇ, ಗಮನ ಹಿಡಿಯುವುದು ಮತ್ತು ಕಾಯುವುದು. ಎರಡನ್ನೂ ಇಲ್ಲಿ ಮೈಯ ಮೂಲಕ ಕಲಿಯುತ್ತಾನೆ.

ಗರಡಿ ಮನೆಯದೂ ಇದೇ ಕಥೆ. ಕೆಂಪು ಮಣ್ಣು, ಗೋಡೆಯಲ್ಲಿ ಹನುಮಪ್ಪ, ಮೂಲೆಯಲ್ಲಿ ಸಂಗ್ರಾಣಿ ಕಲ್ಲು. ಬೆಳಕು ಹರಿಯುವ ಮೊದಲೇ ಸಾಮು. ಎಣಿಸಿ ದಂಡ, ಎಣಿಸಿ ಬಸ್ಕಿ. ಮನೆಯಲ್ಲಿ ಹಿಡಿಯಲಾಗದ ಹುಡುಗನನ್ನು ‘ಗರಡಿಗೆ ಹಾಕ್ರಿ’ ಎನ್ನುವುದು ನಮ್ಮ ಹಿರಿಯರ ಬಾಯಲ್ಲಿ ಇದ್ದ ಮಾತು. ಉಸ್ತಾದರಿಗೆ ಎಡಿಎಚ್‌ಡಿ ಗೊತ್ತಿರಲಿಲ್ಲ, ಅವರು ಅದನ್ನು ಔಷಧಿ ಎಂದು ಮಾಡಿದ್ದೂ ಅಲ್ಲ. ಆದರೆ ಸುಮ್ಮನಿರದ ಮೈಗೆ ಕೆಲಸ ಕೊಟ್ಟರೆ ಮನಸ್ಸು ಒಂದು ಕಡೆ ಬರುತ್ತದೆ ಎಂಬ ತಿಳಿವಳಿಕೆ ಆ ಮಾತಿನೊಳಗೆ ಇತ್ತು.

ಓದು-ಬರಹದ ಕಡೆಗೂ ಬರೋಣ. ಸರ್ಕಾರಿ ಶಾಲೆಗಳು ಬರುವ ಮೊದಲು ಧಾರವಾಡ ಸೀಮೆಯಲ್ಲಿ ಇದ್ದದ್ದು ಕೂಲಿಮಠ, ಗಾವಟಿ ಶಾಲೆ. ಅಯ್ಯಗಳ ಮನೆಯ ಕಟ್ಟೆ ಅಥವಾ ಗುಡಿಯ ಪಡಸಾಲೆ. ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಮಗ್ಗಿಯನ್ನು ಎಲ್ಲರೂ ಕೂಡಿ ಕೂಗಿ, ತೂಗಾಡುತ್ತಾ ಹೇಳುತ್ತಿದ್ದರು. ಹೀಗೆ ಬೆರಳು, ಬಾಯಿ, ಭುಜ ಎಲ್ಲವೂ ಕಲಿಯುತ್ತಿದ್ದವು. ಈ ಮರಳಿನ ಬರಹ ವಿಲಾಯತಿಗೂ ಹೋಯಿತು. ಮದ್ರಾಸಿನ ಎಗ್ಮೋರಿನಲ್ಲಿ ಅನಾಥ ಮಕ್ಕಳ ಶಾಲೆ ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮಲಬಾರಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲಿ ತಂದ. 1797ರಲ್ಲಿ ಅದರ ಬಗ್ಗೆ ಲಂಡನ್ನಿನಲ್ಲಿ ಪುಸ್ತಕ ಅಚ್ಚು ಹಾಕಿಸಿದ. ಅಲ್ಲಿಂದ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೂ ಅದು ಮುಟ್ಟಿತು.

ಹಾಗೆಂದು ಕೂಲಿಮಠವನ್ನು ಸ್ವರ್ಗ ಮಾಡುವ ಮನಸ್ಸು ನಮಗಿಲ್ಲ. ಅಲ್ಲಿ ‘ಕೋದಂಡ’ ಎಂಬ ಶಿಕ್ಷೆ ಇತ್ತು, ಮಗುವನ್ನು ಹಗ್ಗಕ್ಕೆ ಜೋತುಹಾಕುವುದು. ಅಲ್ಲಿ ಹೋಗುತ್ತಿದ್ದವರು ಕೆಲವೇ ಮನೆತನದ ಗಂಡುಮಕ್ಕಳು. ಹೆಣ್ಣುಮಕ್ಕಳಿಗೆ, ಕೇರಿಯ ಮಕ್ಕಳಿಗೆ ಬಾಗಿಲು ಮುಚ್ಚಿತ್ತು.

1854ರಲ್ಲಿ ವುಡ್ ಸಾಹೇಬನ ಆದೇಶ ಬಂತು, ಮರುವರ್ಷ ಮುಂಬೈ ಪ್ರಾಂತ್ಯದಲ್ಲಿ ಶಿಕ್ಷಣ ಇಲಾಖೆ ಹುಟ್ಟಿತು. ಧಾರವಾಡ ಸೀಮೆಯಲ್ಲಿ ಮರಾಠಿಯ ಜಾಗದಲ್ಲಿ ಕನ್ನಡ ಶಾಲೆ ನಿಲ್ಲಿಸಲು ಡೆಪ್ಯುಟಿ ಚನ್ನಬಸಪ್ಪನವರು ಪಟ್ಟ ಪಾಡು ನಮಗೆಲ್ಲ ಗೊತ್ತು. ಆ ಶಾಲೆಗಳಿಲ್ಲದಿದ್ದರೆ ನಾವು ಇದನ್ನು ಬರೆಯುತ್ತಿರಲಿಲ್ಲ, ನೀವು ಓದುತ್ತಿರಲಿಲ್ಲ. ಬಾಗಿಲು ದೊಡ್ಡದಾಯಿತು. ಆದರೆ ಆ ಬಾಗಿಲ ಒಳಗೆ ಹೊಸದೊಂದು ಶಿಸ್ತು ಕೂಡ ಬಂತು. ಸಾಲು, ಹಾಜರಿ, ಗಂಟೆ, ತಪಾಸಣೆಗೆ ಬರುವ ಸಾಹೇಬರು. ಒಬ್ಬ ಮಾಸ್ತರು ಎಪ್ಪತ್ತು ಮಕ್ಕಳನ್ನು ನೋಡಿಕೊಳ್ಳಬೇಕಾದರೆ ಎಲ್ಲರೂ ಒಂದೇ ಕಡೆ ಮುಖ ಮಾಡಿ ಸುಮ್ಮನೆ ಕೂಡುವುದೇ ಅನುಕೂಲ. ಮಾಸ್ತರ ಅನುಕೂಲಕ್ಕಾಗಿ ಬಂದದ್ದು ಹೋಗುತ್ತಾ ಹೋಗುತ್ತಾ ಒಳ್ಳೆಯ ವಿದ್ಯಾರ್ಥಿಯ ಗುರುತಾಯಿತು. ‘ಛಲೋ ಹುಡುಗ, ಕುಂತಲ್ಲೇ ಕುಂದರ್ತಾನ.’

ಇಲ್ಲಿ ಒಂದು ವಿಚಿತ್ರ ನೋಡಿ. ಗರಡಿಯ ಬಸ್ಕಿಯೂ ಶಾಲೆಗೆ ಬಂತು, ಆದರೆ ಶಿಕ್ಷೆಯಾಗಿ. ಕಿವಿ ಹಿಡಿದುಕೊಂಡು ಐವತ್ತು ಬಸ್ಕಿ, ಎಲ್ಲರ ಎದುರು. ಗರಡಿಯಲ್ಲಿ ನೂರು ಬಸ್ಕಿ ಹೊಡೆದವನು ಎದೆ ಉಬ್ಬಿಸಿ ಬರುತ್ತಿದ್ದ, ಶಾಲೆಯಲ್ಲಿ ಐವತ್ತು ಹೊಡೆದವನು ತಲೆ ತಗ್ಗಿಸಿ ಕೂಡುತ್ತಿದ್ದ. ಮಾಡಿದ ಕೆಲಸ ಒಂದೇ. ನಮ್ಮ ಪೈಕಿ ಬಹಳ ಮಂದಿ ಬಸ್ಕಿ ಕಲಿತದ್ದು ಗರಡಿಯಲ್ಲಲ್ಲ, ಶಾಲೆಯಲ್ಲೇ.

ಇದೇ ಕಾಲಕ್ಕೆ ಯುರೋಪಿನ ವೈದ್ಯರು ಏನು ಮಾಡುತ್ತಿದ್ದರು? ಮೆಲ್ಕಿಯೋರ್ ಆಡಂ ವೈಕಾರ್ಡ್ ಎಂಬ ಜರ್ಮನ್ ವೈದ್ಯ 1775ರಲ್ಲೇ ಗಮನ ನಿಲ್ಲದವರ ಬಗ್ಗೆ ಬರೆದಿದ್ದ. ಅವನು ಹೇಳಿದ ಮದ್ದಿನ ಪಟ್ಟಿ ಓದಿದರೆ ನಗು ಬರುತ್ತದೆ. ಹುಳಿ ಹಾಲು, ತಣ್ಣೀರ ಸ್ನಾನ, ಉಕ್ಕಿನ ಪುಡಿ. ಆದರೆ ಅದೇ ಪಟ್ಟಿಯಲ್ಲಿ ಇನ್ನೆರಡು ಇವೆ, ಕುದುರೆ ಸವಾರಿ ಮತ್ತು ವ್ಯಾಯಾಮ. ಅಂದರೆ ಈ ತೊಂದರೆಯ ಬಗ್ಗೆ ಬರೆದ ಮೊದಮೊದಲ ವೈದ್ಯನೇ ಮೈ ಆಡಿಸಿ ಎಂದಿದ್ದ. 1798ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಕ್ರೈಟನ್ ಕೂಡ ಇಂಥ ಚಡಪಡಿಕೆಯ ಬಗ್ಗೆ ಬರೆದ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಮೂರು ಉಪನ್ಯಾಸ ಕೊಟ್ಟ. ಬುದ್ಧಿ ಚೆನ್ನಾಗಿಯೇ ಇರುವ ಕೆಲವು ಮಕ್ಕಳು ತಮ್ಮನ್ನು ತಾವು ತಡೆದುಕೊಳ್ಳಲಾರರು ಎಂದು ತೋರಿಸಿದ. ಆದರೆ ಅದನ್ನು ಅವನು ‘ನೈತಿಕ’ ಹಿಡಿತದ ಕೊರತೆ ಎಂದು ಕರೆದ. ಆ ಒಂದು ಪದ ಮಕ್ಕಳಿಗೆ ದುಬಾರಿಯಾಯಿತು ಎಂದು ನಮಗನಿಸುತ್ತದೆ. ನಮ್ಮ ಶಾಲೆಗಳಲ್ಲಿ ಆ ಮಕ್ಕಳನ್ನು ಈಗಲೂ ನೋಡುವುದು ನಡತೆಯ ತಪ್ಪು ಎಂಬ ಕಣ್ಣಿನಿಂದಲೇ.

1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯ ಬೇರೆ ಯಾವುದೋ ತಲೆನೋವಿಗೆಂದು ಮಕ್ಕಳಿಗೆ ಒಂದು ಉತ್ತೇಜಕ ಮಾತ್ರೆ ಕೊಟ್ಟ. ತಲೆನೋವು ಹೋಗಲಿಲ್ಲ, ಮಕ್ಕಳು ಕೂತು ಲೆಕ್ಕ ಮಾಡತೊಡಗಿದರು. ಮಕ್ಕಳೇ ಅದಕ್ಕೆ ಲೆಕ್ಕದ ಗುಳಿಗೆ ಎಂದು ಹೆಸರಿಟ್ಟರಂತೆ. ಇಂದು ಎಡಿಎಚ್‌ಡಿಗೆ ಕೊಡುವ ಮುಖ್ಯ ಔಷಧಿಗಳು ಆ ವಂಶದವೇ. ಅವು ಮಿದುಳಿನ ಡೋಪಮಿನ್, ನಾರ್‌ಅಡ್ರಿನಾಲಿನ್ ಎಂಬ ರಾಸಾಯನಿಕಗಳನ್ನು ಹೆಚ್ಚು ಹೊತ್ತು ಕೆಲಸಕ್ಕೆ ಸಿಗುವಂತೆ ಮಾಡುತ್ತವೆ. ಮೈ ಬೆವರುವಂತೆ ಆಡಿದಾಗ ಕೂಡ ಇವೇ ರಾಸಾಯನಿಕಗಳು ಸ್ವಲ್ಪ ಹೊತ್ತು ಏರುತ್ತವೆ. ಉಸ್ತಾದರ ಮಾತಿಗೂ ವೈದ್ಯರ ಗುಳಿಗೆಗೂ ಇರುವ ನಂಟು ಇದು.

2013ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪಾಂಟಿಫೆಕ್ಸ್ ತಂಡದ ಅಧ್ಯಯನ ಪ್ರಕಟವಾಯಿತು. ಎಂಟರಿಂದ ಹತ್ತು ವರ್ಷದ 40 ಮಕ್ಕಳು, ಅರ್ಧದಷ್ಟು ಮಕ್ಕಳಿಗೆ ಎಡಿಎಚ್‌ಡಿ. ಒಂದು ದಿನ 20 ನಿಮಿಷ ಓಡುವ ಯಂತ್ರದ ಮೇಲೆ, ಇನ್ನೊಂದು ದಿನ 20 ನಿಮಿಷ ಕೂತು ಓದು. ಆಮೇಲೆ ಪರೀಕ್ಷೆ. ಓಡಿದ ದಿನ ಎರಡೂ ಗುಂಪಿನ ಮಕ್ಕಳು ಓದು, ಲೆಕ್ಕದಲ್ಲಿ ಮೇಲಾದರು, ಗಮನವೂ ಸುಧಾರಿಸಿತು.

ನಮಗೆ ಇನ್ನೂ ಹಿಡಿಸಿದ್ದು 2015ರ ಇನ್ನೊಂದು ಅಧ್ಯಯನ, ಫ್ಲೋರಿಡಾದ್ದು. ಎಂಟರಿಂದ ಹನ್ನೆರಡು ವರ್ಷದ 52 ಹುಡುಗರು, ಅವರಲ್ಲಿ 29 ಮಂದಿಗೆ ಎಡಿಎಚ್‌ಡಿ. ಅಂಕಿ-ಅಕ್ಷರ ನೆನಪಿಟ್ಟು ಹೇಳುವ ಕೆಲಸ ಕೊಟ್ಟು, ಅವರು ಎಷ್ಟು ಅಲುಗಾಡುತ್ತಾರೆ ಎಂದು ನೋಡಿದರು. ಎಡಿಎಚ್‌ಡಿ ಇದ್ದ ಹುಡುಗರು ಹೆಚ್ಚು ಅಲುಗಾಡಿದಷ್ಟೂ ಚೆನ್ನಾಗಿ ಹೇಳಿದರು. ಉಳಿದ ಹುಡುಗರಲ್ಲಿ ಇದು ತಿರುವುಮುರುವು, ಅಲುಗಾಡಿದಷ್ಟೂ ತಪ್ಪಿದರು. ಕಾಲು ಕುಣಿಸುವುದು ಆ ಹುಡುಗನಿಗೆ ಯೋಚಿಸಲು ಅಡ್ಡಿಯಲ್ಲ, ಅದರಿಂದಲೇ ಅವನು ಎಚ್ಚರವಾಗಿರುತ್ತಾನೆ. “ಸುಮ್ನ ಕುಂದ್ರು” ಎಂದಾಗ ಅವನ ಪೂರ್ತಿ ಶಕ್ತಿ ಸುಮ್ಮನೆ ಕೂಡುವುದಕ್ಕೇ ಹೋಗುತ್ತದೆ, ಲೆಕ್ಕಕ್ಕೆ ಉಳಿಯುವುದಿಲ್ಲ.

ಇಲ್ಲಿ ಓದುಗರೊಬ್ಬರು ಕೇಳಬಹುದು. “ಮೊಬೈಲ್ ಕೊಟ್ರ ತಾಸುಗಟ್ಟಲೆ ಕುಂದರ್ತಾನಲ್ರಿ, ಅದೆಂಥ ರೋಗ?” ಅದೇ ಫ್ಲೋರಿಡಾದ ತಂಡ ಇದನ್ನೂ ನೋಡಿದೆ. ರೋಮಾಂಚಕ ಸಿನಿಮಾ ಹಾಕಿದಾಗ ಆ ಹುಡುಗರು ಹೆಚ್ಚು ಅಲುಗಾಡಲಿಲ್ಲ. ಲೆಕ್ಕದ ಪಾಠದ ವೀಡಿಯೊ ಹಾಕಿದಾಗ ಅಲುಗಾಡಿದರು. ಮೊಬೈಲ್ ತಾನೇ ಗಮನ ಹಿಡಿದು ಎಳೆಯುತ್ತದೆ. ಲೆಕ್ಕಕ್ಕೆ ಗಮನವನ್ನು ನಾವೇ ಹಿಡಿದುಕೊಡಬೇಕು, ಅವನಿಗೆ ಕಷ್ಟವಾಗುವುದು ಅಲ್ಲೇ.

ಗದಗಿನ ಒಬ್ಬ ಹುಡುಗನ ಕಥೆ ಇಲ್ಲಿ ನೆನೆಯದೆ ಇರಲಾಗದು. ಮೇಳ, ಭಜನೆ, ಮೆರವಣಿಗೆಯ ಸದ್ದು ಕೇಳಿದರೆ ಸಾಕು, ಹಿಂದೆ ನಡೆದುಬಿಡುತ್ತಿದ್ದ. ದಣಿದು ಎಲ್ಲೋ ಮಲಗಿರುತ್ತಿದ್ದ. ಹುಡುಕಿ ಸಾಕಾದ ತಂದೆ, ಮಾಸ್ತರರಾದ ಗುರುರಾಜ ಜೋಶಿಯವರು, ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದರಂತೆ, ಸಿಕ್ಕವರು ಮನೆಗೆ ಮುಟ್ಟಿಸಲಿ ಎಂದು. ಹನ್ನೊಂದನೆಯ ವಯಸ್ಸಿಗೆ, 1933ರಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟೇ ಹೋದ. ಅವನೇ ಪಂಡಿತ ಭೀಮಸೇನ ಜೋಶಿ. ಅವರಿಗೆ ಯಾವುದೋ ರೋಗದ ಹೆಸರು ಹಚ್ಚುವ ಅಧಿಕಪ್ರಸಂಗ ನಾವು ಮಾಡುವುದಿಲ್ಲ. ಸುಮ್ಮನೆ ಕೂಡದ ಮಗುವಿನ ಬಗ್ಗೆ ತಂದೆ ಅಂಗಿಯ ಮೇಲೆ ಬರೆದದ್ದು ಬೈಗುಳವಲ್ಲ, ವಿಳಾಸ ಎಂಬುದಷ್ಟೇ ನಮ್ಮ ಮನಸ್ಸಿಗೆ ತಾಗಿದ್ದು.

ಇನ್ನು ಶಾಲೆಯ ಆಟದ ವಿಷಯ. ಅದಕ್ಕೂ ನಮ್ಮ ಕಡೆ ಒಳ್ಳೆಯ ಬೇರುಗಳಿವೆ. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನಿ ಸೇವಾದಳ ಕಟ್ಟಿ ಕವಾಯತನ್ನು ದೇಶಸೇವೆಯ ಭಾಗ ಮಾಡಿದರು. ನಮ್ಮ ಕನ್ನಡ ಶಾಲೆಗಳಲ್ಲಿ ಲೇಜಿಮ್ ಸದ್ದು ಕೇಳದ ಆಗಸ್ಟ್ 15 ಇರುತ್ತಿರಲಿಲ್ಲ. ಕೋಲಾಟ, ಮೊಹರಂ ಹೆಜ್ಜೆ ಕುಣಿತ, ಗಿಡಮಂಗ್ಯಾನ ಆಟ, ಚಿನ್ನಿದಾಂಡು ಇವೆಲ್ಲ ಎಣಿಕೆ, ತಾಳ, ಸರದಿ ಬೇಡುವ ಆಟಗಳು. ಕೋಲಾಟದಲ್ಲಿ ಒಂದು ಹೊಡೆತ ತಪ್ಪಿದರೆ ಪಕ್ಕದವನ ಬೆರಳಿಗೇ ಪೆಟ್ಟು. ಬರೀ ಓಟಕ್ಕಿಂತ ಇಂಥ ಎಣಿಕೆಯ ಕುಣಿತ ಗಮನಕ್ಕೆ ಹೆಚ್ಚು ಕೆಲಸ ಕೊಡುತ್ತದೆ ಎಂಬುದು ನಮ್ಮ ಅಭಿಪ್ರಾಯ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಹಾಡು ಕಲಿಯುವ ಮಕ್ಕಳನ್ನು ನೋಡಿ, ತೊಡೆಯ ಮೇಲೆ ಕೈ ತಾಳ ಹಾಕುತ್ತಲೇ ಇರುತ್ತದೆ. ಸಂಗೀತದಲ್ಲಿ ಕೈ ಆಡಿಸುವ ಮಗುವಿಗೆ ಯಾರೂ ಬೈಯುವುದಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ ಮೈಗೆ ಕೊಡುವ ಶಿಕ್ಷೆಯನ್ನೂ ಮನಸ್ಸಿಗೆ ಕೊಡುವ ಕಿರುಕುಳವನ್ನೂ ನಿಷೇಧಿಸಿದೆ. ಶಾಲೆಗೆ ಆಟದ ಬಯಲು ಇರಬೇಕು ಎಂದೂ ಹೇಳಿದೆ. ಬಸ್ಕಿ ಕಡಿಮೆಯಾಯಿತು. ಆದರೆ ಅದರ ಜಾಗಕ್ಕೆ ಬಂದದ್ದು ಇನ್ನೊಂದು, ಯಾರೂ ಶಿಕ್ಷೆ ಎಂದು ಕರೆಯದ ಶಿಕ್ಷೆ. ‘ಲೆಕ್ಕ ಮುಗಸೂ ತನಕ ಆಟಕ್ಕ ಬಿಡಂಗಿಲ್ಲ.’ ಲೆಕ್ಕ ಮುಗಿಯದಿರುವುದು ಯಾರದು? ಅದೇ ಹುಡುಗನದು. ಆಟ ಬೇಕಾಗಿರುವುದು ಯಾರಿಗೆ? ಅದೇ ಹುಡುಗನಿಗೆ. ಎಲ್ಲರೂ ಬಯಲಲ್ಲಿ ಕಬಡ್ಡಿ ಆಡುವಾಗ ಅವನೊಬ್ಬ ಒಳಗೆ. ಹತ್ತನೆಯ ತರಗತಿ ಬಂದರಂತೂ ಆಟದ ಪೀರಿಯಡ್ಡನ್ನೇ ಗಣಿತ ತಿಂದುಹಾಕುತ್ತದೆ. ಮಾಸ್ತರರ ಮೇಲೂ ಫಲಿತಾಂಶದ ಒತ್ತಡ ಇದೆ, ಗೊತ್ತು. ಆದರೆ ಆ 20 ನಿಮಿಷ ಕಿತ್ತುಕೊಂಡರೆ ಮುಂದಿನ 40 ನಿಮಿಷವೂ ಹೋಗುತ್ತದೆ ಎಂದು ನಾವು ಖಡಾಖಂಡಿತ ಹೇಳುತ್ತೇವೆ.

ಇದಕ್ಕೆ ಹೊಸ ಕಟ್ಟಡ ಬೇಡ, ದುಡ್ಡು ಬೇಡ. ಲೆಕ್ಕದ ಪೀರಿಯಡ್ಡನ್ನು ಆಟದ ನಂತರ ಇಟ್ಟರೆ ಸಾಕು. ಮಗ್ಗಿಯನ್ನು ಹೆಜ್ಜೆ ಹಾಕುತ್ತಾ, ಕೋಲು ಹೊಡೆಯುತ್ತಾ ಹೇಳಿಸಬಹುದು. ಕಾಗುಣಿತವನ್ನು ಅಂಗಳದ ಮಣ್ಣಿನಲ್ಲಿ ಬೆರಳಿನಿಂದ ತಿದ್ದಿಸಬಹುದು, ಅಯ್ಯಗಳ ಕಾಲದಂತೆ. ಗಂಟೆ ಬಾರಿಸುವುದು, ಬೋರ್ಡ್ ಒರೆಸುವುದು, ಹಾಜರಿ ಪುಸ್ತಕ ಆಫೀಸಿಗೆ ಒಯ್ಯುವುದು ಆ ಹುಡುಗನಿಗೇ ಇರಲಿ. ಹಿಂದಿನ ಗೋಡೆಗೆ ನಿಂತು ಬರೆಯುತ್ತೇನೆ ಎಂದರೆ ಬಿಡಿ. ಮನೆಯಲ್ಲಿ ದನ ಹೊಡೆದುಕೊಂಡು ಬಂದ ಮೇಲೆ, ನೀರು ಸೇದಿದ ಮೇಲೆ ಪುಸ್ತಕ ಕೊಡಿ, ಮೊದಲಲ್ಲ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಅವರಲ್ಲಿ ಹಲವರಿಗೆ ಕುಣಿದಾಟ ಇರುವುದಿಲ್ಲ, ಗಮನ ಮಾತ್ರ ನಿಲ್ಲುವುದಿಲ್ಲ. ಸುಮ್ಮನೆ ಕೂತಿರುತ್ತಾರೆ, ಆದರೆ ಅಲ್ಲಿರುವುದಿಲ್ಲ. ಹೀಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ‘ದಡ್ಡಿ’ ಎಂಬ ಹೆಸರು ಬಿದ್ದು ಶಾಲೆ ಬಿಡುತ್ತಾರೆ. ಮನೆಗೆಲಸಕ್ಕೆಂದು ಆಟದಿಂದ ಮೊದಲು ದೂರವಾಗುವವರೂ ಅವರೇ. ಹಗ್ಗದ ಮೇಲಿನ ಮಲ್ಲಕಂಬ ಈಗ ಹೆಣ್ಣುಮಕ್ಕಳ ಆಟವಾಗಿ ಬೆಳೆದಿದೆ, ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಮಲ್ಲಕಂಬಕ್ಕೂ ಜಾಗ ಸಿಕ್ಕಿದೆ. ಲಕ್ಷ್ಮೇಶ್ವರದ ಕಡೆಯ ತಾಯಂದಿರು ಇದನ್ನು ಯೋಚಿಸಬಹುದು.

ಆಟವೊಂದರಿಂದಲೇ ಎಲ್ಲ ಸರಿಹೋಗುತ್ತದೆ ಎಂದು ಮಾತ್ರ ತಿಳಿಯಬೇಡಿ. ವ್ಯಾಯಾಮದ ಗುಣ ಕೆಲವು ತಾಸಿನದು, ದಿನಾ ಬೇಕು. ಕೆಲವು ಮಕ್ಕಳಿಗೆ ಗುಳಿಗೆಯೂ ಬೇಕು, ತಂದೆ-ತಾಯಿಗೆ ತಿಳಿವಳಿಕೆಯೂ ಬೇಕು. ವೈದ್ಯರು ಕೊಟ್ಟ ಗುಳಿಗೆಯನ್ನು ‘ಗರಡಿಗೆ ಹೊಂಟಾನ’ ಎಂದು ನಿಲ್ಲಿಸಬೇಡಿ. ನಿಮ್ಹಾನ್ಸ್ ಮತ್ತಿತರರು ಬೆಂಗಳೂರಿನ ನಗರ, ಹಳ್ಳಿ ಎರಡೂ ಕಡೆ 2064 ಮಕ್ಕಳನ್ನು ನೋಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ಸುಮಾರು ಹನ್ನೆರಡು ಮಕ್ಕಳಿಗೆ ಮನಸ್ಸಿಗೆ ಸಂಬಂಧಿಸಿದ ಒಂದಲ್ಲ ಒಂದು ತೊಂದರೆ ಇತ್ತು. ಎಡಿಎಚ್‌ಡಿ ಅದರಲ್ಲಿ ಒಂದು. ಹಳ್ಳಿಯಲ್ಲಿ ಇದೆಲ್ಲ ಇಲ್ಲ ಎಂದು ಕೈತೊಳೆದುಕೊಳ್ಳುವಂತಿಲ್ಲ.

ನಮ್ಮ ಕಡೆಯವರಿಗೆ ದಾರಿ ಇದೆ. ಧಾರವಾಡದ ಡಿಮ್ಹಾನ್ಸ್ 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾದದ್ದು, ಊರ ಬಾಯಲ್ಲಿ ಇನ್ನೂ ಅದೇ ಹೆಸರು. ಅದಕ್ಕೇ ತಾಯಂದಿರು ಮಗುವನ್ನು ಕರೆದುಕೊಂಡು ಹೋಗಲು ಅಂಜುತ್ತಾರೆ. ಅಂಜಬೇಡಿ. ಅಷ್ಟು ದೂರ ಆಗದಿದ್ದರೆ ಗದಗಿನ ಜಿಮ್ಸ್ ಇದೆ. ಅದೂ ಬೇಡವೆಂದರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿಮನಸ್, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇನ್ನೊಂದು ದಾರಿ ಮನೆ ಬಾಗಿಲಿಗೇ ಬರುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಹಲ್ಲು, ಕಣ್ಣು, ರಕ್ತ ನೋಡಿ ಹೋಗುವ ತಂಡ ಎಂದು ನಾವೆಲ್ಲ ತಿಳಿದಿದ್ದೇವೆ. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಕೂಡ ಇದೆ. ಈ ಸಲ ಆ ಗಾಡಿ ಬಂದ ದಿನ ಮಾಸ್ತರರು ಆ ಹುಡುಗನನ್ನೂ, ಕಿಟಕಿ ಆಚೆ ನೋಡುತ್ತಾ ಕೂತ ಆ ಹುಡುಗಿಯನ್ನೂ ತೋರಿಸಲಿ.